ಕಾಗದ, ಫಿಗ್ಮಾ, ಎಪಿಕೆ: ಅಡಿಕೆ ಧಾರಣೆ ಆಪ್ ಪರೀಕ್ಷಿಸಲು ಯಾವುದು?

ಶಿವಮೊಗ್ಗದಲ್ಲಿ ಕೂತು ಮೊಬೈಲ್ ಆಪ್ ವಿನ್ಯಾಸ ಮಾಡುವವರಿಗೆ ದೊಡ್ಡ ಅನುಕೂಲವೆಂದರೆ, ಅದನ್ನು ಬಳಸುವವರು ಒಂದೆರಡು ಗಂಟೆ ಬಸ್ಸಿನ ದೂರದಲ್ಲೇ ಸಿಗುತ್ತಾರೆ. ಅವರ ಕೈಗೆ ಏನು ಕೊಟ್ಟು ಪರೀಕ್ಷಿಸಬೇಕು ಎಂದು ತಿಳಿಯಲು, ಅಡಿಕೆ ಧಾರಣೆ ತೋರಿಸುವ ಒಂದೇ ಆಪನ್ನು ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರರ ಮುಂದೆ ಮೂರು ರೂಪದಲ್ಲಿ ಇಟ್ಟು ನೋಡಿದೆವು: ಕಾಗದದ ಚೀಟಿ, ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಮಾಡಿದ ಮಾದರಿ (ಪ್ರೋಟೊಟೈಪ್), ಮತ್ತು ಎಪಿಕೆ, ಅಂದರೆ ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ನಿಜವಾದ ಆಪ್‌ನ ಫೈಲ್. ಕೊಟ್ಟ ಕೆಲಸ ಮೂರಕ್ಕೂ ಒಂದೇ: "ಇವತ್ತು ರಾಶಿ ಎಷ್ಟಕ್ಕೆ ಹೋಗಿದೆ, ನೋಡಿ ಹೇಳಿ ಅಣ್ಣ." (ರಾಶಿ ಎಂದರೆ ಅಡಿಕೆಯ ಒಂದು ಬಗೆ.) 'ಧಾರಣೆ ಬಟನ್ ಒತ್ತಿ' ಎಂದುಬಿಟ್ಟರೆ ಉತ್ತರ ನಾವೇ ಹೇಳಿಕೊಟ್ಟಂತೆ.

ಪದಗಳ ವಿಷಯದಲ್ಲಿ ಕಾಗದಕ್ಕೆ ಸಾಟಿಯಿಲ್ಲ. ಸುಮಾರು 7 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಚೀಟಿಗಳು, ಪರದೆಗೊಂದರಂತೆ. ಅವರು ಬೆರಳಿಟ್ಟ ಕಡೆಗೆ ತಕ್ಕಂತೆ ನಾವು ಚೀಟಿ ಬದಲಿಸುತ್ತೇವೆ. 'ಉತ್ಪನ್ನ ದರ' ಎಂಬ ಶೀರ್ಷಿಕೆಯ ಮೇಲೆ ಬೆರಳು ಹೋಗಲೇ ಇಲ್ಲ. ಅದನ್ನು ಪೆನ್ನಿನಲ್ಲಿ ಹೊಡೆದು 'ಧಾರಣೆ' ಎಂದು ಬರೆದ ಮೇಲೆ ನೇರ ಅಲ್ಲಿಗೇ ಬಂತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳು ಯಾವ ಸಾಲಿನಲ್ಲಿ ಇರಬೇಕು ಎಂದು ಅವರೇ ಚೀಟಿ ಕತ್ತರಿಸಿ ಜೋಡಿಸಿ ತೋರಿಸುತ್ತಾರೆ. ಕಾಗದ ಎಂದ ಮೇಲೆ ಯಾರಿಗೂ ಸಂಕೋಚವಿಲ್ಲ, ತಪ್ಪಿದ್ದರೆ ತಪ್ಪೆಂದೇ ಹೇಳುತ್ತಾರೆ. ಆದರೆ ಕೈಬರಹದ ಅಕ್ಷರ ಫೋನಿನ ಅಕ್ಷರಕ್ಕಿಂತ ದಪ್ಪ. ಓದಲು ಆಗುತ್ತದೋ ಇಲ್ಲವೋ ಎಂಬುದನ್ನು ಕಾಗದದಿಂದ ತೀರ್ಮಾನಿಸಬೇಡಿ.

ಫಿಗ್ಮಾ ಪ್ರೋಟೊಟೈಪ್ ನೋಡಲು ನಿಜವಾದ ಆಪ್‌ನಂತೆಯೇ ಇರುತ್ತದೆ. ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಸರಿಯಿದೆಯೇ ಎಂದು ನೋಡಲು ಒಳ್ಳೆಯದು. ಎರಡು ಎಚ್ಚರಿಕೆ ಬೇಕು. ತಪ್ಪು ಜಾಗ ಮುಟ್ಟಿದಾಗ ಒತ್ತಬಹುದಾದ ಜಾಗಗಳು ನೀಲಿಯಾಗಿ ಮಿನುಗುತ್ತವೆ. ಆ ಸೂಚನೆಯನ್ನು ಸೆಟ್ಟಿಂಗ್‌ನಲ್ಲಿ ಮೊದಲೇ ಆಫ್ ಮಾಡದಿದ್ದರೆ ನೀವು ಪರೀಕ್ಷಿಸುತ್ತಿರುವುದು ವಿನ್ಯಾಸವನ್ನಲ್ಲ, ಆ ನೀಲಿ ಚೌಕಗಳನ್ನು. ಎರಡನೆಯದು ನೆಟ್‌ವರ್ಕ್. ಹೊಸನಗರ ದಾಟಿದ ಮೇಲೆ ಲೋಡ್ ಆಗುವುದನ್ನೇ ನೋಡುತ್ತ ಕೂರಬೇಕಾಗುತ್ತದೆ. ಇನ್ನೊಂದು ಕೊರತೆಗೆ ಪರಿಹಾರವಿಲ್ಲ: ಫೋನಿನಲ್ಲಿ ಅವರು ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿದ್ದರೂ ಫಿಗ್ಮಾ ಪರದೆ ಅದಕ್ಕೆ ಸ್ಪಂದಿಸುವುದಿಲ್ಲ.

ಆ ಸತ್ಯ ಹೊರಬೀಳುವುದು ಎಪಿಕೆಯಲ್ಲಿ. ಐವತ್ತು ದಾಟಿದ ಹಲವರ ಫೋನಿನಲ್ಲಿ ಅಕ್ಷರ ದೊಡ್ಡದಾಗಿಯೇ ಇರುತ್ತದೆ. ಬಟನ್ನಿನ ಎತ್ತರವನ್ನು ಬಿಗಿಯಾಗಿ ಕಟ್ಟಿದ್ದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. 'ಮಾರುಕಟ್ಟೆ'ಯ ಟ ಒತ್ತು, 'ರಾಷ್ಟ್ರ'ದ ಎರಡು ಒತ್ತು ಗಮನಿಸಿ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. 16ರ ಅಳತೆಯ ಅಕ್ಷರಕ್ಕೆ ಸಾಲಿನ ಎತ್ತರ 26ರಷ್ಟು ಕೊಡಿ, ಬಟನ್ನಿಗೆ ನಿಗದಿತ ಎತ್ತರದ ಬದಲು ಅಕ್ಷರದ ಸುತ್ತ ಒಳಗಿನ ಅಂಚು (ಪ್ಯಾಡಿಂಗ್) ಕೊಡಿ. ಮುಟ್ಟುವ ಜಾಗಕ್ಕೆ ಆಂಡ್ರಾಯ್ಡ್ ಹೇಳುವುದು ಕನಿಷ್ಠ 48 ಡಿಪಿ (ಬೇರೆ ಬೇರೆ ಪರದೆಗಳಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವಂತೆ ಮಾಡಿದ ಅಳತೆ). ಅಡಿಕೆ ಚೊಗರು ಹಿಡಿದ, ಮಳೆಯಲ್ಲಿ ನೆಂದ ಬೆರಳಿಗೆ ನಾವು 56 ಕೊಡುತ್ತೇವೆ. ಏರೋಪ್ಲೇನ್ ಮೋಡ್ ಹಾಕಿಯೂ ಕೊಟ್ಟು ನೋಡಿ. ಖಾಲಿ ಪರದೆ ಬಂದರೆ ಆಪ್ ಸೋತಿತು, 'ನಿನ್ನೆ ಸಂಜೆ 4ರ ಧಾರಣೆ' ಎಂದು ಬಂದರೆ ಗೆದ್ದಿತು.

ಎಪಿಕೆಗೆ ಡೆವಲಪರ್‌ನ ಸಮಯ ಬೇಕು, ಖರ್ಚೂ ಹೆಚ್ಚು. ವಾಟ್ಸಾಪ್‌ನಲ್ಲಿ ಕಳಿಸಿದರೆ 'ಅಪರಿಚಿತ ಮೂಲ' ಎಂಬ ಎಚ್ಚರಿಕೆ ನೋಡಿ ಜನ ಹಿಂಜರಿಯುತ್ತಾರೆ, ಹಿಂಜರಿಯುವುದೇ ಸರಿ. ಪ್ಲೇ ಸ್ಟೋರ್‌ನ ಆಂತರಿಕ ಪರೀಕ್ಷೆಯಲ್ಲಿ 100 ಜನರವರೆಗೆ ಸೇರಿಸಬಹುದು, ಆ ಹೆದರಿಕೆ ಇರುವುದಿಲ್ಲ.

ಮೊದಲ ವಾರ ಕಾಗದ, ಕೊನೆಗೆ ಎಪಿಕೆ. ಕೈಯಲ್ಲಿ ದಿನ ಕಡಿಮೆಯಿದ್ದರೆ ನಡುವಿನ ಫಿಗ್ಮಾ ಪರೀಕ್ಷೆಯನ್ನು ಬಿಡಿ ಎಂದೇ ನಮ್ಮ ಸಲಹೆ. ಕೆಲಸ ಹುಡುಕುವವರು ಮಾತ್ರ ಫಿಗ್ಮಾ ಕಲಿಯದೆ ಇರಲಾಗದು, ಸಂದರ್ಶನದಲ್ಲಿ ಮೊದಲು ಕೇಳುವುದು ಅದನ್ನೇ. ಪೋರ್ಟ್‌ಫೋಲಿಯೋದಲ್ಲಿ ಫಿಗ್ಮಾ ಪರದೆಯ ಪಕ್ಕ 'ಉತ್ಪನ್ನ ದರ' ಹೊಡೆದು 'ಧಾರಣೆ' ಬರೆದ ಆ ಚೀಟಿಯ ಫೋಟೋ ಹಾಕಿ, ಯಾಕೆ ಬದಲಾಯಿತು ಎಂದು ಎರಡು ಸಾಲು ಬರೆಯಿರಿ.