ಒಬ್ಬರೇ ಓದುವುದಾ, ಗೆಳತಿಯರ ಜೊತೆಯಾ?

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮಾಧ್ಯಮದಿಂದ ನರ್ಸಿಂಗ್‌ಗೆ ಸೇರಿದವರಿಗೆ ಮೊದಲ ಪರೀಕ್ಷೆಯ ಭಯ ಜಾಸ್ತಿ. ಅನಾಟಮಿಯಲ್ಲಿ, ಅಂದರೆ ದೇಹರಚನೆಯ ಪಾಠದಲ್ಲಿ, 206 ಎಲುಬು, ಮಿದುಳಿನಿಂದ ಹೊರಡುವ 12 ಜೊತೆ ನರ. ಎಲ್ಲಾ ಹೆಸರೂ ಇಂಗ್ಲಿಷಿನಲ್ಲಿ. ಕೊರಳೆಲುಬು ಗೊತ್ತು, ಕ್ಲಾವಿಕಲ್ ನಾಲಿಗೆಗೆ ಬರುವುದಿಲ್ಲ.

ಹೆಸರು ನೆನಪಿಡಲು ಒಬ್ಬರೇ ಕೂರುವುದು ಒಳ್ಳೆಯದು. ಪುಸ್ತಕ ಮುಚ್ಚಿ, ಚಿತ್ರ ಬಿಡಿಸಿ, ಹೆಸರು ಬರೆಯಿರಿ. ತಪ್ಪಿದ್ದನ್ನು ನಾಳೆ ಮತ್ತೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಸುಮ್ನೆ ಓದುತ್ತಾ ಹೋದರೆ ಎಲ್ಲಾ ಗೊತ್ತಿದೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

ಫಿಸಿಯಾಲಜಿಗೆ (ದೇಹ ಕೆಲಸ ಮಾಡುವ ಬಗೆಯ ಪಾಠ), ವೈವಾಗೆ (ಮೌಖಿಕ ಪರೀಕ್ಷೆ) ಮಾತ್ರ ನನ್ನ ಆಯ್ಕೆ ಗುಂಪು. ಮೂರು ಜನ ಸಾಕು, ಆರು ಜನ ಸೇರಿದರೆ ಹರಟೆಯೇ. ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ ಎಡಭಾಗಕ್ಕೆ ಬರುತ್ತದಲ್ಲ, ಆ ದಾರಿಯನ್ನು ಗೆಳತಿಗೆ ಮೊದಲು ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿ. ಆಮೇಲೆ ಇಂಗ್ಲಿಷಿನಲ್ಲಿ. ಎಲ್ಲಿ ತಡವರಿಸುತ್ತೀರೋ ಅಲ್ಲೇ ಅರ್ಥವಾಗಿಲ್ಲ, ಅಲ್ವಾ? ನಾನು ಮೊದಲ ವರ್ಷ ನಾಚಿಕೆಯಿಂದ ಯಾರನ್ನೂ ಕೇಳಲಿಲ್ಲ. ಕಾಲೇಜಿನ ಒಂದು ಇಂಟರ್ನಲ್ ಪರೀಕ್ಷೆಯಲ್ಲಿ ಫೇಲಾದೆ. ಆ ಬೇಸರ ಇನ್ನೂ ಹೋಗಿಲ್ಲ. ದಯವಿಟ್ಟು ಕೇಳಿ.

ಪರೀಕ್ಷೆಯ ಹಿಂದಿನ ರಾತ್ರಿ ಎರಡೂ ಬೇಡ. ಊಟ ಮಾಡಿ ಬೇಗ ಮಲಗಿ.