ಕೀ ತಿರುಗಿಸಿದರೆ ಟಕಟಕ, ಕಾರು ಮಾತ್ರ ಸ್ಟಾರ್ಟ್ ಇಲ್ಲ: ಜಂಪರ್ ಕೇಬಲ್, ಅಂಗಡಿಯ ಟೆಸ್ಟರ್, ಮಲ್ಟಿಮೀಟರ್ ಮೂರನ್ನೂ ಮಾಡಿ ನೋಡಿದ ಮೇಲೆ

ಸಾಗರದ ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವುದು ಶೀಟು ಹೊದಿಸಿದ ಮಾಡಿನ ಕೆಳಗೆ. ಮೇಲಿಂದ ನೀರು ಬೀಳುವುದಿಲ್ಲ, ಆದರೆ ಮಳೆಗಾಲದ ಥಂಡಿ ನಾಲ್ಕೂ ಕಡೆಯಿಂದ ಒಳಗೆ ಬರುತ್ತದೆ. ಅಂಥ ಒಂದು ಬೆಳಿಗ್ಗೆ ಅಮ್ಮನನ್ನು ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಕೀ ತಿರುಗಿಸಿದೆ. ಟಕಟಕಟಕಟಕ. ಅಷ್ಟೇ. ಇಂಜಿನ್ ಅಲುಗಲೇ ಇಲ್ಲ.

ಕಾರು ಹನ್ನೊಂದು ವರ್ಷದ ಸಣ್ಣ ಪೆಟ್ರೋಲ್ ಗಾಡಿ. ಬ್ಯಾಟರಿಗೆ ಮೂರೂವರೆ ವರ್ಷ. ಹಾಗಾಗಿ ಬ್ಯಾಟರಿಯೇ ಹೋಯಿತು ಅಂದುಕೊಂಡೆ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ ಅಲ್ವಾ? ಪಕ್ಕದ ಮನೆಯವರು ತಮ್ಮ ಕಾರು ತಂದು ನಿಲ್ಲಿಸಿದರು, ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ಜಂಪರ್ ಕೇಬಲ್ ಹಾಕಿದೆವು. ಕೆಂಪು ಕ್ಲಿಪ್ ಮೊದಲು ನನ್ನ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಅವರ ಪ್ಲಸ್‌ಗೆ. ಕಪ್ಪು ಅವರ ಮೈನಸ್‌ಗೆ, ಅದರ ಇನ್ನೊಂದು ತುದಿ ನನ್ನ ಇಂಜಿನ್ನಿನ ಬರಿ ಲೋಹಕ್ಕೆ. ಕಡೆಯ ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಹಾಕಬಾರದು, ಏಕೆಂದರೆ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ಹಾರಿದರೆ ಅಪಾಯ. ಐದು ನಿಮಿಷ ಬಿಟ್ಟು ಕೀ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಶಿವಮೊಗ್ಗಕ್ಕೆ ಹೋದವನು ಅಲ್ಲೇ ಒಂದು ಅಂಗಡಿಯಲ್ಲಿ ಬ್ಯಾಟರಿ ತೋರಿಸಿದೆ. ಅವರು ಡಿಜಿಟಲ್ ಟೆಸ್ಟರ್ ಹಿಡಿದು, ಶಕ್ತಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿದಿದೆ, ಬದಲಿಸಿಬಿಡಿ ಅಂದರು. ಹಳೆಯದನ್ನು ಕೊಟ್ಟು 4,200 ರೂಪಾಯಿಗೆ ಹೊಸದು ಹಾಕಿಸಿಕೊಂಡು ಬಂದೆ.

ಹದಿನೆಂಟು ದಿನ ಕಾರು ಚೆನ್ನಾಗಿತ್ತು. ಹತ್ತೊಂಬತ್ತನೇ ದಿನ ಅದೇ ಟಕಟಕ.

ಅವತ್ತು ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಜಂಪರ್ ಕೇಬಲ್ಲೂ ಟೆಸ್ಟರೂ ಎರಡೂ ಬ್ಯಾಟರಿ ಕಡೆಗೇ ಬೆರಳು ತೋರಿಸಿದ್ದವು, ಎರಡೂ ತಪ್ಪಾಗಿದ್ದವು. ಅದು ಹೇಗೆ ಅಂತ ಗೊತ್ತಾಗಲೇಬೇಕಿತ್ತು.

ಈ ಟಕಟಕ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿನ ಮೇಲೆ ಸೊಲೆನಾಯ್ಡ್ ಅಂತ ಒಂದು ದೊಡ್ಡ ಸ್ವಿಚ್ ಇರುತ್ತದೆ. ಕೀ ತಿರುಗಿಸಿದಾಗ ಅದು ಒಳಗೆ ಎಳೆದುಕೊಂಡು ಮೋಟರಿಗೆ ಕರೆಂಟ್ ಬಿಡುತ್ತದೆ. ಮೋಟರ್ ಒಮ್ಮೆಲೇ ನೂರು, ನೂರೈವತ್ತು ಆಂಪಿಯರ್ ಕೇಳುತ್ತದೆ, ಅಷ್ಟು ಬರದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಕುಸಿದಾಗ ಸೊಲೆನಾಯ್ಡ್ ಬಿಟ್ಟುಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಮತ್ತೆ ಏರುತ್ತದೆ, ಅದು ಮತ್ತೆ ಎಳೆಯುತ್ತದೆ. ಇದೇ ಟಕಟಕ. ಅಂದರೆ ಸೆಲ್ಫ್‌ಗೆ ಸಾಕಷ್ಟು ಕರೆಂಟ್ ತಲುಪುತ್ತಿಲ್ಲ ಅಂತ ಅರ್ಥ. ಯಾಕೆ ತಲುಪುತ್ತಿಲ್ಲ ಅನ್ನುವುದನ್ನು ಈ ಸದ್ದು ಹೇಳುವುದಿಲ್ಲ. ಬ್ಯಾಟರಿ ಖಾಲಿ ಇರಬಹುದು, ದಾರಿ ಕೆಟ್ಟಿರಬಹುದು.

ಒಂದು ಪೈಸೆ ಖರ್ಚಿಲ್ಲದ ಹೆಡ್‌ಲೈಟ್ ಪರೀಕ್ಷೆ ಇದನ್ನು ಮೊದಲ ದಿನವೇ ಹೇಳಿತ್ತು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಬೇಕು. ಬೆಳಕು ಸತ್ತಂತೆ ಮಂಕಾದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಮೇಲೆ ಅನುಮಾನ. ನನ್ನ ಕಾರಿನಲ್ಲಿ ಟಕಟಕ ಅನ್ನುವಾಗಲೂ ಗೋಡೆಯ ಮೇಲಿನ ಬೆಳಕು ಹೆಚ್ಚುಕಡಿಮೆ ಹಾಗೇ ಇತ್ತು. ಅದನ್ನು ಅಮ್ಮನೇ ಗಮನಿಸಿ, "ಲೈಟ್ ಚೆನ್ನಾಗೇ ಉರೀತಿದೆಯಲ್ಲೋ" ಅಂದಿದ್ದರು. ಗಡಿಬಿಡಿಯಲ್ಲಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೇ ಸಲ ಸುಮ್ನೆ ಮತ್ತೊಂದು ಸಾಮಾನು ಬದಲಿಸುವುದು ಬೇಡ ಅಂತ 450 ರೂಪಾಯಿಯ ಮಲ್ಟಿಮೀಟರ್ ತಂದೆ. ಡಿಸಿ 20 ವೋಲ್ಟಿಗೆ ಇಟ್ಟು ಬ್ಯಾಟರಿ ಅಳೆದರೆ 12.6. ಪೂರ್ತಿ ಚಾರ್ಜ್ ಇದೆ. (12.2 ಅಂದರೆ ಸುಮಾರು ಅರ್ಧ, 11.8 ಅಂದರೆ ಖಾಲಿ ಅಂತಲೇ ಲೆಕ್ಕ.) ಆದರೆ ಸುಮ್ಮನೆ ನಿಂತ ಬ್ಯಾಟರಿಯ ಈ ಅಂಕಿಯನ್ನು ನಂಬಿ ಕೂರಬೇಡಿ, ಸತ್ತ ಬ್ಯಾಟರಿಯೂ ಕೆಲವು ಸಲ 12.5 ತೋರಿಸುತ್ತದೆ. ಅಳೆಯಬೇಕಾದದ್ದು ಕೀ ತಿರುಗಿಸಿ ಹಿಡಿದಾಗ. ತಮ್ಮನನ್ನು ಸೀಟಿನಲ್ಲಿ ಕೂರಿಸಿದೆ. ಅವನು ಕೀ ತಿರುಗಿಸಿದಾಗಲೂ ಬ್ಯಾಟರಿ 12ರ ಕೆಳಗೆ ಇಳಿಯಲಿಲ್ಲ. ದುರ್ಬಲ ಬ್ಯಾಟರಿಯಾಗಿದ್ದರೆ 9.6ಕ್ಕಿಂತ ಕೆಳಗೆ ಬೀಳುತ್ತಿತ್ತು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಲೋಹಕ್ಕೆ. ಇವೆರಡೂ ಒಂದೇ ತಂತಿಯ ಎರಡು ತುದಿ ಇದ್ದ ಹಾಗೆ. ಕೀ ತಿರುಗಿಸಿದಾಗ ಇಲ್ಲಿ 0.2, ಹೆಚ್ಚೆಂದರೆ 0.3 ವೋಲ್ಟ್ ಬರಬೇಕು. ನನ್ನ ಮೀಟರಿನಲ್ಲಿ ಅಂಕಿ ಕುಣಿಯುತ್ತಿತ್ತು, ಆದರೂ 4ರ ಮೇಲೇ ಇತ್ತು. ಅದೇ ಕಡ್ಡಿಯನ್ನು ಕಾರಿನ ಬಾಡಿಯ ಲೋಹಕ್ಕೆ ಹಿಡಿದರೆ ಏನೂ ಇಲ್ಲ.

ಸಿಕ್ಕಿತು. ಮೈನಸ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಅರ್ತ್ ಕೇಬಲ್ (ಗೇರ್‌ಬಾಕ್ಸ್ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ, ಸೆಲ್ಫ್‌ನ ಕರೆಂಟ್ ಬ್ಯಾಟರಿಗೆ ತಿರುಗಿ ಬರುವುದು ಇದರಲ್ಲೇ). ಬೋಲ್ಟ್ ಬಿಚ್ಚಿದಾಗ ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆ) ಅಡಿಯಲ್ಲಿ ಹಸಿರು ಕಿಲುಬು, ಮುಕ್ಕಾಲು ಎಳೆಗಳು ತುಂಡಾಗಿದ್ದವು. ಇಲ್ಲಿ ಇನ್ನೊಂದು ಮಾತು: ಅದೇ ಕೇಬಲ್ಲನ್ನು ತಂತಿ ತುಂಡಾಗಿಲ್ಲ ಅಂತ ಸದ್ದು ಮಾಡಿ ಹೇಳುವ ಮೀಟರಿನ ಬೀಪ್ ಮೋಡಿನಲ್ಲಿ ನೋಡಿದರೆ ಬೀಪ್ ಚೆನ್ನಾಗಿಯೇ ಬಂತು. ಉಳಿದ ಹತ್ತು ಎಳೆಗಳು ಬೀಪ್‌ಗೆ ಸಾಕು. ಆದರೆ 150 ಆಂಪಿಯರ್ ಹೋಗುವ ದಾರಿಯಲ್ಲಿ 0.03 ಓಮ್ ಅಡ್ಡಿ ಇದ್ದರೂ 4.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಬೀಪ್ ಪರೀಕ್ಷೆ ಈ ಕೆಲಸಕ್ಕೆ ಬೇಡ.

ಜಂಪರ್ ಕೇಬಲ್ ನನ್ನನ್ನು ದಾರಿ ತಪ್ಪಿಸಿದ್ದು ಹೇಗೆ ಅಂತಲೂ ಆಗ ಅರ್ಥವಾಯಿತು. ಕಪ್ಪು ಕ್ಲಿಪ್ ಇಂಜಿನ್ನಿಗೇ ಹಾಕಿದ್ದೆವಲ್ಲ? ಕರೆಂಟ್ ಆ ಕೆಟ್ಟ ಅರ್ತ್ ಕೇಬಲ್ಲನ್ನು ಬಿಟ್ಟು ಜಂಪರ್ ಕೇಬಲ್ಲಿನಲ್ಲೇ ತಿರುಗಿ ಹೋಯಿತು. ಸುರಕ್ಷಿತವಾದ ಸರಿಯಾದ ವಿಧಾನವೇ ನಿಜವಾದ ತೊಂದರೆಯನ್ನು ಮುಚ್ಚಿಟ್ಟಿತು. ಅಂಗಡಿಯ ಟೆಸ್ಟರ್ ಕೂಡ ಸುಳ್ಳು ಹೇಳಲಿಲ್ಲ, ಹಳೆಯ ಬ್ಯಾಟರಿ ನಿಜಕ್ಕೂ ಸವೆದಿತ್ತು. ಆದರೆ ಅದು ನೋಡುವುದು ಬ್ಯಾಟರಿಯನ್ನು ಮಾತ್ರ, ಅದರಾಚೆಯ ಕೇಬಲ್ ಅದಕ್ಕೆ ಕಾಣುವುದಿಲ್ಲ. ಹೊಸ ಬ್ಯಾಟರಿಯ ಬಲಕ್ಕೆ, ಉಳಿದಿದ್ದ ಎಳೆಗಳು ಇನ್ನೂ ಹದಿನೆಂಟು ದಿನ ತಳ್ಳಿಕೊಂಡು ಹೋದವು. ಹೊಸ ಕೇಬಲ್ಲಿಗೆ 350 ರೂಪಾಯಿ. ಬೋಲ್ಟಿನ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿದೆ. ಈಗ ಅದೇ ಜಾಗದಲ್ಲಿ 0.15 ಬರುತ್ತದೆ.

ಇದರ ಮುಂದೆ ಭಾವನ ಕಾರಿನದು ಬೇರೆ ಕಥೆ. ಅದು ಟಕಟಕ ಅಲ್ಲ, ಒಂದೇ "ಟಕ್", ಆಮೇಲೆ ಮೌನ. ಫೋನಿನಲ್ಲಿ ಸದ್ದು ಕೇಳಿಸಿಕೊಂಡು, "ಭಾವ, ಈಗಲೇ ಬ್ಯಾಟರಿ ತರಬೇಡಿ, ನಾನು ಬರ್ತೀನಿ" ಅಂದೆ. ಅವರು ಅಷ್ಟರಲ್ಲಿ ಜಂಪರ್ ಹಾಕಿ ನೋಡಿದ್ದರು, ಪ್ರಯೋಜನ ಆಗಿರಲಿಲ್ಲ. ಮೀಟರ್ ಹಿಡಿದೆ. ಸುಮ್ಮನಿದ್ದಾಗ 12.5, ಕೀ ತಿರುಗಿಸಿದಾಗಲೂ 12.4, ಮೈನಸ್‌ಗೂ ಇಂಜಿನ್ನಿಗೂ ನಡುವೆ ಸೊನ್ನೆ. ಅಂದರೆ ದೊಡ್ಡ ಕರೆಂಟ್ ಹರಿಯುತ್ತಲೇ ಇಲ್ಲ, ತಡೆ ಬಹುಶಃ ಸೆಲ್ಫ್ ಒಳಗೇ ಇದೆ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಅವರು ಕೀ ಹಿಡಿದಿದ್ದಾಗ ವೀಲ್ ಸ್ಪ್ಯಾನರ್ ಹಿಡಿಯಿಂದ ಸೆಲ್ಫ್ ಮೋಟರಿನ ಮೈಗೆ ಮೆಲ್ಲಗೆ ಎರಡು ಏಟು ಕೊಟ್ಟೆ. ಸ್ಟಾರ್ಟ್ ಆಯಿತು. ಹೀಗೆ ಮಾಡುವಾಗ ಸೊಲೆನಾಯ್ಡಿನ ಪ್ಲಸ್ ಟರ್ಮಿನಲ್ಲಿಗೆ ಸ್ಪ್ಯಾನರ್ ತಾಗಬಾರದು, ಅದೊಂದು ಎಚ್ಚರ ಇರಲಿ. ಈ ಏಟು ರಿಪೇರಿಯಲ್ಲ, ಗ್ಯಾರೇಜಿನವರೆಗೆ ಹೋಗುವ ದಾರಿ. ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಶ್ ಪೂರ್ತಿ ಸವೆದಿತ್ತು. ಬ್ರಶ್ ಮಾತ್ರ ಬದಲಿಸಿ ಕೊಟ್ಟರು, ಹೊಸ ಸೆಲ್ಫ್ ಬೇಕಾಗಲಿಲ್ಲ.

ತಳ್ಳಿ ಸ್ಟಾರ್ಟ್ ಮಾಡುವುದನ್ನೂ ಎರಡೂ ಕಾರಿನಲ್ಲಿ ಮಾಡಿದ್ದೇವೆ, ಎರಡನೇ ಗೇರ್‌ನಲ್ಲಿ. ಎರಡೂ ಹತ್ತಿದವು. ಅದರಿಂದ ಇಂಜಿನ್ನೂ ಪೆಟ್ರೋಲೂ ಸರಿ ಇವೆ ಅನ್ನುವುದು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಆಟೋಮ್ಯಾಟಿಕ್ ಗಾಡಿಗೆ ಅದೂ ಇಲ್ಲ.

ಹಾಗಾಗಿ ದಾರಿಯಲ್ಲಿ ನಿಂತರೆ ನನಗೆ ಬೇಕಾದದ್ದು ದಪ್ಪ ತಾಮ್ರದ ಜಂಪರ್ ಕೇಬಲ್ (ತೆಳುವಾದದ್ದು ಬಿಸಿಯಾಗುತ್ತದೆ, ಕರೆಂಟ್ ಸಾಕಷ್ಟು ಹೋಗುವುದಿಲ್ಲ). ಅದು ಡಿಕ್ಕಿಯಲ್ಲಿ ಈಗಲೂ ಇದೆ. ಆದರೆ ಅದರಿಂದ ಕಾರು ಹತ್ತಿತು ಅಂತ ಬ್ಯಾಟರಿ ಅಂಗಡಿಗೆ ಹೋಗುವುದಿಲ್ಲ. ಮನೆಗೆ ಬಂದು ಮೊದಲು ಮೀಟರ್ ಹಿಡಿಯುತ್ತೇನೆ. ಆ 450 ರೂಪಾಯಿಯ ಮೀಟರ್ ಭಾವನ ಕಾರಿನಲ್ಲೇ ಉಳಿಯಿತು, ನಾನು ಅಂಥದ್ದೇ ಇನ್ನೊಂದು ತಂದುಕೊಂಡೆ.