ನನಗೆ ಹಾಲು ಕಡಿಮೆ ಇರಲಿಲ್ಲ, ಪಂಪಿನ ಅಳತೆ ತಪ್ಪಿತ್ತು

ಮಗಳು ಹುಟ್ಟಿದ್ದು 34 ವಾರಕ್ಕೆ, ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ. ಎರಡು ಕೆಜಿಯೂ ಇರಲಿಲ್ಲ. ಹೀರುವ ಶಕ್ತಿ ಬಂದಿರಲಿಲ್ಲವಾದ್ದರಿಂದ ಎನ್‌ಐಸಿಯುನಲ್ಲಿಟ್ಟು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಣ್ಣ ನಳಿಕೆಯಲ್ಲಿ ಹಾಲು ಹಾಕುತ್ತಿದ್ದರು. "ನಿಮ್ಮ ಹಾಲನ್ನೇ ತೆಗೆದು ತಂದುಕೊಡಿ, ಎರಡು ಮೂರು ಗಂಟೆಗೊಮ್ಮೆ" ಎಂದರು ಡಾಕ್ಟರು. ಹೇಗೆ ತೆಗೆಯಬೇಕು ಅಂತ ನಾನು ಕೇಳಲಿಲ್ಲ. ಪಂಪ್ ತಂದರಾಯಿತು ಅಂದುಕೊಂಡೆ.

ನಮ್ಮನೆಯವರು ಎದುರಿನ ಮೆಡಿಕಲ್ ಶಾಪಿಗೆ ಓಡಿದರು. ಅಲ್ಲಿ ಸಿಕ್ಕಿದ್ದು ಹಿಂದೆ ರಬ್ಬರ್ ಬುರುಡೆ ಇರುವ, ಸೈಕಲ್ ಹಾರ್ನಿನಂಥ ಪಂಪು. ಅದನ್ನು ಈಗಲೂ ಮಾರುತ್ತಾರೆ. ದಯವಿಟ್ಟು ತರಬೇಡಿ. ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ, ರಬ್ಬರಿನೊಳಗೆ ಹೋದ ಹಾಲನ್ನು ಪೂರ್ತಿ ತೊಳೆಯಲೂ ಆಗುವುದಿಲ್ಲ. ಒಂದೇ ದಿನಕ್ಕೆ ಎದೆ ಮುಟ್ಟಲಾರದಷ್ಟು ನೋವಾಯಿತು.

ಆಮೇಲೆ ಆನ್‌ಲೈನಿನಲ್ಲಿ ಕರೆಂಟಿನ ಪಂಪ್ ತರಿಸಿದೆವು. ಸಾವಿರಾರು ಜನ ಸ್ಟಾರ್ ಕೊಟ್ಟಿದ್ದರು. ಒಂಬತ್ತು ಲೆವೆಲ್, ಚಂದದ ಡಿಸ್ಪ್ಲೇ, ಬೆಲೆಯೂ ಕೈಗೆಟುಕುವಂತಿತ್ತು. ಎದೆಗೆ ಹಿಡಿಯುವ ಆಲಿಕೆಯ ಅಳತೆ ಎಷ್ಟು ಅಂತ ನಾನು ನೋಡಲೇ ಇಲ್ಲ. ಅದಕ್ಕೊಂದು ಅಳತೆ ಇರುತ್ತದೆ ಅನ್ನುವುದೇ ಗೊತ್ತಿರಲಿಲ್ಲ.

ಮುಂದಿನ ಆರು ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಅರ್ಧ ಗಂಟೆ ಪಂಪ್ ಹಿಡಿದು ಕೂತರೂ ಬಾಟಲಿಯ ತಳದಲ್ಲಿ ಹತ್ತು ಮಿಲಿ. ಜೋರಾಗಿ ಎಳೆದರೆ ಹೆಚ್ಚು ಬರಬಹುದು ಅಂತ ಲೆವೆಲ್ ಏರಿಸುತ್ತಾ ಹೋದೆ. ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೆಲ್ಲ ಆಲಿಕೆಯೊಳಗೆ ಹೋಗಿ ಊದಿಕೊಳ್ಳುತ್ತಿತ್ತು. ಮೂರನೆಯ ದಿನ ತೊಟ್ಟು ಬಿರಿಯಿತು. ನಾಲ್ಕನೆಯ ದಿನ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿತು. ಹೆದರಿ ಅದನ್ನು ಚೆಲ್ಲಿಬಿಟ್ಟೆ. ಡಾಕ್ಟರನ್ನು ಒಂದು ಮಾತು ಕೇಳದೆ ಚೆಲ್ಲಬಾರದಿತ್ತು. ರಾತ್ರಿ ಕರೆಂಟ್ ಹೋದರೆ ಪಂಪೂ ನಿಲ್ಲುತ್ತಿತ್ತು, ಅದರಲ್ಲಿ ಬ್ಯಾಟರಿ ಇರಲಿಲ್ಲ. ಕತ್ತಲಲ್ಲಿ ಖಾಲಿ ಬಾಟಲಿ ಹಿಡಿದುಕೊಂಡು ಅತ್ತಿದ್ದೇನೆ.

ನೋಡಲು ಬಂದವರೆಲ್ಲ "ಹಾಲು ಸಾಲ್ತಿಲ್ವಾ?" ಎಂದೇ ಕೇಳಿದರು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಅಂಟಿನುಂಡೆ, ಕೊಟ್ಟಿದ್ದೆಲ್ಲ ತಿಂದೆ. "ಪೌಡರ್ ಹಾಲು ಶುರು ಮಾಡ್ರಿ, ಮಗು ಸೊರಗಬಾರದು" ಎಂದರು ಅತ್ತೆ. ಅವರ ಕಾಳಜಿ ಸುಳ್ಳಲ್ಲ. ಆದರೆ ನನ್ನ ದೇಹವೇ ಕೈಕೊಟ್ಟಿತು ಅಂತ ನಾನು ನಂಬಿದ್ದು ಆ ಗಳಿಗೆಯಲ್ಲಿ. ಅವ್ವ ಮಾತ್ರ ಪಂಪನ್ನು ನೋಡಿ, "ತೊರೆ ಬಿಡದ ಆಕಳನ್ನ ಎಷ್ಟು ಎಳೆದ್ರೆ ಏನು ಬರ್ತತವ್ವ? ಕೆಚ್ಚಲು ನೋಯ್ತತಿ ಅಷ್ಟೆ" ಅಂದಳು. ನನಗೆ ಆಗ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದ್ದು ಎನ್‌ಐಸಿಯುನ ಒಬ್ಬ ಸಿಸ್ಟರ್. ಬಿರಿದ ತೊಟ್ಟನ್ನು ನೋಡಿ, "ಪಂಪ್ ತಗೊಂಡು ಬನ್ನಿ ನೋಡೋಣ" ಎಂದರು. ಅವರು ಸ್ಕೇಲ್ ತಂದು ತೊಟ್ಟಿನ ಬುಡದ ಅಗಲ ಅಳೆದರು. 15 ಮಿಮೀ. ನನ್ನ ಪಂಪಿನ ಆಲಿಕೆ 28! ಸಾಮಾನ್ಯವಾಗಿ ತೊಟ್ಟಿನ ಅಗಲಕ್ಕಿಂತ ಎರಡು ಮೂರು ಮಿಮೀ ದೊಡ್ಡದಿದ್ದರೆ ಸಾಕು ಎಂದರು. ಸರಿಯಾದ ಅಳತೆಯಲ್ಲಿ ತೊಟ್ಟು ಮಾತ್ರ ಒಳಗೆ ಸಲೀಸಾಗಿ ಹೋಗಿ ಬರುತ್ತದೆ, ಸುತ್ತಲಿನ ಕಪ್ಪು ಭಾಗ ಹೆಚ್ಚಾಗಿ ಒಳಗೆ ಸೇರುವುದಿಲ್ಲ. ಎರಡೂ ಕಡೆಯ ಅಳತೆ ಬೇರೆ ಬೇರೆ ಇರಬಹುದು, ವಾರಗಳು ಕಳೆದಂತೆ ಬದಲಾಗಲೂಬಹುದು.

ಆಮೇಲೆ ಅವರು ಕೈಯಲ್ಲಿ ಹಿಂಡುವುದನ್ನು ಕಲಿಸಿದರು. ಹೆಬ್ಬೆರಳು ತೊಟ್ಟಿನಿಂದ ಒಂದಿಂಚು ಹಿಂದೆ ಮೇಲ್ಗಡೆ, ಉಳಿದ ಬೆರಳು ಕೆಳಗಡೆ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತಂದು, ಬಿಡುವುದು. ತೊಟ್ಟನ್ನು ಎಳೆಯುವಂತಿಲ್ಲ, ಚರ್ಮ ಉಜ್ಜುವಂತಿಲ್ಲ. ಹೆರಿಗೆಯಾದ ಮೊದಲ ಎರಡು ಮೂರು ದಿನದ ಗಟ್ಟಿ ಹಳದಿ ಹಾಲು ಬರುವುದೇ ಕೆಲವು ಮಿಲಿ. ಅದು ಪಂಪಿನ ವಾಲ್ವಿಗೂ ಬಾಟಲಿಗೂ ಅಂಟಿಕೊಂಡು ಹಾಳಾಗುತ್ತದೆ, ಕೈಯಲ್ಲಿ ಹಿಂಡಿ ಚಮಚಕ್ಕೋ ಸಿರಿಂಜಿಗೋ ತುಂಬಿದರೆ ಒಂದು ಹನಿಯೂ ದಂಡವಾಗುವುದಿಲ್ಲ. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ! ಮಗಳ ಫೋಟೋ ನೋಡುತ್ತಾ, ಅವಳಿಗೆ ಹೊದಿಸಿದ್ದ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂಡಿದೆ. ಎದೆ ಜುಮ್ಮೆಂದು ಹಾಲು ಇಳಿಯಿತು. ಅವ್ವ ಹೇಳಿದ ತೊರೆ ಅಂದರೆ ಅದೇ.

ಆಸ್ಪತ್ರೆಯಲ್ಲಿದ್ದ ಪಂಪಿಗೆ ಚಿಕ್ಕ ಆಲಿಕೆ ಹಾಕಿಸಿ, ನೋವಾಗದ ಲೆವೆಲ್ಲಿನಲ್ಲಿಟ್ಟು, ರಾತ್ರಿಯದೂ ಸೇರಿ ದಿನಕ್ಕೆ ಎಂಟು ಸಲ ತೆಗೆಯತೊಡಗಿದೆ. ನಾಲ್ಕೇ ದಿನಕ್ಕೆ ಹತ್ತು ಮಿಲಿ ಇದ್ದದ್ದು ನಲವತ್ತೈದಾಯಿತು. ಎದೆ ಖಾಲಿಯಾದಷ್ಟೂ ಹಾಲು ತಯಾರಾಗುತ್ತದೆ. ತಪ್ಪು ಅಳತೆಯ ಪಂಪ್ ಸರಿಯಾಗಿ ಖಾಲಿ ಮಾಡುವುದಿಲ್ಲ, ಹಾಗಾಗಿ ಇದ್ದ ಹಾಲೂ ಕಡಿಮೆಯಾಗುತ್ತಾ ಹೋಗುತ್ತದೆ. ನನ್ನ ಆರು ದಿನ ಹೋದದ್ದು ಹೀಗೆ.

ಹಳೆಯ ಪಂಪನ್ನು ಎತ್ತಿಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಗಾಳಿಯ ಟ್ಯೂಬಿನೊಳಗೆ ಕಪ್ಪು ಚುಕ್ಕೆಗಳು, ಬೂಷ್ಟು. ಹಾಲು ಟ್ಯೂಬಿಗೆ ಏರಿ ಮೋಟರಿನವರೆಗೂ ಹೋಗಿತ್ತು. ಹಾಲಿಗೂ ಮೋಟರಿಗೂ ನಡುವೆ ತಡೆ ಇರುವ ಪಂಪಿಗೆ ಕ್ಲೋಸ್ಡ್ ಸಿಸ್ಟಮ್ ಅನ್ನುತ್ತಾರೆ, ನನ್ನದರಲ್ಲಿ ಆ ತಡೆ ಇರಲಿಲ್ಲ. ಮೋಟರನ್ನು ಬಿಚ್ಚಿ ಕುದಿಸಲಾಗುತ್ತದೆಯೇ? ತಿಂಗಳು ತುಂಬದ ಮಗುವಿಗೆ ಇದು ಸಣ್ಣ ವಿಷಯವಲ್ಲ. 2016ರಲ್ಲಿ ಅಮೆರಿಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಗುವೊಂದಕ್ಕೆ ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದಾಗ, ತೆಗೆದಿಟ್ಟ ಹಾಲಿನಲ್ಲೂ ಪಂಪಿನ ಭಾಗಗಳಲ್ಲೂ ಅದೇ ರೋಗಾಣು ಸಿಕ್ಕಿತ್ತು. ಪಂಪ್ ಹೇಗೆ ತೊಳೆಯಬೇಕು ಎಂದು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸೂಚನೆ ಹೊರಡಿಸಿದ್ದು ಅದಾದ ಮೇಲೆ. ಪ್ರತಿ ಸಲವೂ ಬಿಚ್ಚಿ, ಸಿಂಕಿನಲ್ಲಿ ಹಾಕದೆ ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಸೋಪುನೀರಿನಿಂದ ತೊಳೆದು, ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸಬೇಕು. ಎಳೆಗೂಸಿದ್ದರೆ ದಿನಕ್ಕೊಮ್ಮೆಯಾದರೂ ಕುದಿಸಬೇಕು.

ವಾಪಸ್ ಮಾಡಲು ಹೋದರೆ, ಬಾಕ್ಸ್ ತೆರೆದ ಮೇಲೆ ತಗೊಳ್ಳುವುದಿಲ್ಲ, ಇದು ಶುಚಿತ್ವದ ವಸ್ತು ಎಂದರು. ಬೇರೆ ಅಳತೆಯ ಆಲಿಕೆ ಅವರ ಬಳಿ ಇಲ್ಲ. ಬಿಡಿ ವಾಲ್ವೂ ಇಲ್ಲ. ಆ ತೆಳು ರಬ್ಬರ್ ವಾಲ್ವ್ ಸ್ವಲ್ಪ ಹರಿದರೂ ಪಂಪ್ ಎಳೆಯುವುದಿಲ್ಲ, ಆಗ ಇಡೀ ಪಂಪೇ ಕಸ. ಆದ್ದರಿಂದ ದುಡ್ಡು ಕೊಡುವ ಮುಂಚೆಯೇ ತೊಟ್ಟನ್ನು ಅಳೆದುಕೊಳ್ಳಿ. ಆ ಅಳತೆಯ ಆಲಿಕೆಯೂ ವಾಲ್ವೂ ಬಿಡಿಯಾಗಿ ಸಿಗುತ್ತವೆಯೇ, ಕ್ಲೋಸ್ಡ್ ಸಿಸ್ಟಮ್ ಹೌದೇ, ಕರೆಂಟ್ ಹೋದರೂ ಓಡುತ್ತದೆಯೇ ಅಂತ ಬರಹದಲ್ಲಿ ಕೇಳಿ. ಸ್ಟಾರ್ ಎಷ್ಟಿವೆ ಅಂತ ಎಣಿಸುತ್ತಾ ಕೂರಬೇಡಿ. ಕೆಲವೇ ವಾರಕ್ಕೆ ಬೇಕಾದರೆ ಆಸ್ಪತ್ರೆಯ ದೊಡ್ಡ ಪಂಪ್ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಎದೆಗೂ ಹಾಲಿಗೂ ತಾಗುವ ಭಾಗಗಳು ಮಾತ್ರ ನಿಮ್ಮದೇ ಹೊಸವಾಗಿರಲಿ.

ನಾದಿನಿಗೆ ಈಗ ಎಂಟು ತಿಂಗಳು. "ಅತ್ತಿಗೆ, ನಿಮ್ಮ ಪಂಪ್ ಸುಮ್ನೆ ಬಿದ್ದೈತಲ್ಲ, ನನಗೆ ಕೊಡ್ರಿ" ಎಂದು ಹೋದ ವಾರ ಕೇಳಿದಳು. ಕೊಡಲಿಲ್ಲ. ಬೂಷ್ಟು ಹಿಡಿದ ಟ್ಯೂಬನ್ನು ತೋರಿಸಿದೆ. ಮಗು ಮಡಿಲಲ್ಲೇ ಇದ್ದು ಚೆನ್ನಾಗಿ ಕುಡಿಯುತ್ತಿದ್ದರೆ ನಿನಗೆ ಮೊದಲ ವಾರಗಳಲ್ಲಿ ಪಂಪೇ ಬೇಕಾಗಲಿಕ್ಕಿಲ್ಲ ಎಂದೆ. ಕೈಯಲ್ಲಿ ಹಿಂಡುವುದನ್ನು ಹೆರಿಗೆಯಾದ ದಿನವೇ ನಾನೇ ಬಂದು ಕಲಿಸುತ್ತೇನೆ ಅಂತ ಹೇಳಿದ್ದೇನೆ.